ಪಟ್ಟಿಯಕ್ಕ ಓದಿದ ಹೇಸಿಗೆಯ ಕಥೆ

ಹೇಸಿಗೆಯೆಂಬುದು ಮೂಗಿನಲ್ಲಿ ಹುಟ್ಟಿ, ಮುಖದಲ್ಲಿ ಬೆಳೆದು, ನಾಲಗೆಯಲ್ಲಿ ಮುಗಿಯುವ ಭಾವ. ಹಿಂದಿನ ಲಾಕ್ಷಣಿಕರು ಅದನ್ನು ಜುಗುಪ್ಸೆಯೆಂದು ಕರೆದು, ಶೃಂಗಾರ ವೀರಗಳ ಸಾಲಿನಲ್ಲಿಯೇ ಬೀಭತ್ಸಕ್ಕೂ ಒಂದು ಮಣೆ ಹಾಕಿದರು. ಆದರೆ ಆ ಮಣೆಯ ಹತ್ತಿರ ಹೆಚ್ಚು ಹೊತ್ತು ಕೂರಲು ಯಾವ ಕವಿಗೂ ಮನಸ್ಸಾಗಲಿಲ್ಲ. ಪಟ್ಟಿಯಕ್ಕನಾದರೋ ತನ್ನ ಪ್ರಾಯವನ್ನೆಲ್ಲ ಅಲ್ಲಿಯೇ ಕಳೆದವಳು.

ಸರಕಾರಿ ಆಸ್ಪತ್ರೆಯ ಓಣಿಯ ತುದಿಯಲ್ಲಿ, ಬಟ್ಟೆ ಕುದಿಸುವ ಕೋಣೆಯ ಪಕ್ಕದಲ್ಲಿ, ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯಿತ್ತು; ಅಲ್ಲಿ ಕೆಲಸ ಮಾಡುತ್ತಿದ್ದುದರಿಂದಲೇ ಅವಳಿಗೆ ಆ ಹೆಸರು. ಎರಡು ಕಬ್ಬಿಣದ ಮಂಚ, ತಗಡು ಹೊದೆಸಿದ ಮೇಜು, ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ ಒಂದು ಡಬ್ಬಿ, ಅರ್ಧಕ್ಕೆ ಬಿಳಿಯ ಬಣ್ಣ ಬಳಿದ ಕಿಟಕಿ. ಆ ಡಬ್ಬಿಯೊಳಗೆ ಬೀಳುತ್ತಿದ್ದ ವಸ್ತುಗಳನ್ನು ವರ್ಣಿಸಿದರೆ ಓದುಗರು ಊಟ ಬಿಡುತ್ತಾರೆ. ಕೀವು ಒಂದೇ ಬಣ್ಣದ್ದಲ್ಲ. ಹಳದಿಯದಕ್ಕೆ ಒಂದು ನಾತ, ಹಸಿರಿನದಕ್ಕೆ ಇನ್ನೊಂದು. ಮಾಂಸ ಸತ್ತಾಗ ಬರುವ ವಾಸನೆ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಸ್ವಲ್ಪ ಸಿಹಿ. ಜನ ತಮ್ಮ ಗಾಯಗಳ ಮೇಲೆ ಏನೇನು ಮೆತ್ತಿಕೊಂಡು ಬರುತ್ತಿದ್ದರೆಂದರೆ, ಟೂತ್‌ಪೇಸ್ಟು, ಕಾಫಿಪುಡಿ, ಗಾಡಿಯ ಗ್ರೀಸು. ಅವೆಲ್ಲ ಕೀವಿನೊಡನೆ ಕಲೆತು ನಾದಿದ ಹಿಟ್ಟಿನಂತಾಗಿರುತ್ತಿದ್ದವು.

ಪಟ್ಟಿ ಬಿಚ್ಚುವ ಮೊದಲು ಅವಳು ಬಗ್ಗಿ, ಮೂಗನ್ನು ಅದಕ್ಕೆ ತಾಗುವಷ್ಟು ಹತ್ತಿರ ಒಯ್ದು, ಒಮ್ಮೆ ಉಸಿರೆಳೆಯುತ್ತಿದ್ದಳು. ಅದು ಆ ಕೋಣೆಯಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ಪದ್ಧತಿ. ಒಳಗಿನ ಸುದ್ದಿಯನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಯುತ್ತದೆ. ದೇವರು ಮೂಗನ್ನು ಮುಖದ ನಟ್ಟನಡುವೆ ಇಟ್ಟದ್ದು ಬರಿಯ ಅಂದಕ್ಕಲ್ಲ.

"ಅಕ್ಕಾ, ವಾಸನೆ ಬರ್ತಿದ್ಯಾ?" ಎಂದು ಒಬ್ಬ ಮೆಕ್ಯಾನಿಕ್ ನಾಚಿಕೆಯಿಂದ ಕೇಳಿದ್ದ.

"ನಿನ್ನ ಕಾಲು ಮಾತಾಡ್ತಾ ಇದೆ ಕಣಪ್ಪ, ನೀನು ಸುಮ್ನಿರು" ಎಂದಿದ್ದಳು.

ಇಂಥವಳ ಸ್ವಂತ ಮನೆಯಲ್ಲಿಯೇ ಒಂದು ಕಾಲು ಕೊಳೆಯುತ್ತಿತ್ತು. ಅದು ಅವಳಿಗೆ ತಿಳಿದಿರಲಿಲ್ಲ.

ಆ ಕಾಲು ಅವಳ ಅತ್ತೆಯದು. ಗಂಡ ಲಾರಿ ಓಡಿಸುವವನಾದ್ದರಿಂದ ಮನೆಯಲ್ಲಿ ಬಹುಪಾಲು ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಸತ್ತುಹೋಗಿತ್ತು. ಹೊಸ ಚಪ್ಪಲಿ ಕಚ್ಚಿದ್ದು ಗೊತ್ತಾಗಲಿಲ್ಲ. ಕಚ್ಚಿದಲ್ಲಿ ಹುಣ್ಣಾದದ್ದು ನೋವಿನಿಂದಲ್ಲ, ಹಾಸಿಗೆಯ ಮೇಲಿನ ಕಲೆಯಿಂದ ಗೊತ್ತಾಯಿತು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಆಕೆಯ ಅಕ್ಕ ಹಿಂದೊಮ್ಮೆ ಅದೇ ಆಸ್ಪತ್ರೆಗೆ ಬೆರಳು ತೋರಿಸಲು ಹೋಗಿ ಮೊಣಕಾಲಿನವರೆಗೆ ಕಳೆದುಕೊಂಡು ಬಂದಿದ್ದಳು. ಹೀಗಾಗಿ ಅತ್ತೆ ಹುಣ್ಣಿಗೆ ಮುಖದ ಪೌಡರು ತುಂಬಿ, ಹತ್ತಿಯಿಟ್ಟು, ಕಾಲುಚೀಲ ಎಳೆದು, ಅದರ ಮೇಲೆ ಗುಲಾಬಿ ಸೆಂಟು ಚಿಮುಕಿಸಿ, ದೇವರ ಮೇಲೆ ಭಾರ ಹಾಕಿ ಕುಳಿತುಬಿಟ್ಟಳು. ತಾನು ಮುಚ್ಚಿಟ್ಟದ್ದನ್ನು ದೇವರ ಮೇಲೆ ಹೊರಿಸುವ ಭಕ್ತಿ ನಮ್ಮಲ್ಲಿ ಬಹಳ. ಹುಣ್ಣಿಗಿಂತ ಹೇಸಿಗೆ ಹುಟ್ಟಿಸಬೇಕಾದದ್ದು ಅದೇ.

ಸೆಂಟಿನ ವಾಸನೆ ಸೊಸೆಗೆ ಬಾರದೆ ಇರುತ್ತದೆಯೆ? ಬಂದಿತು. ಆದರೆ ಆ ಸೆಂಟಿಗೆ ಆ ಮನೆಯಲ್ಲಿ ಒಂದು ಹಳೆಯ ಅರ್ಥವಿತ್ತು. ಮದುವೆಯಾದ ಹೊಸತರಿಂದಲೂ ಸೊಸೆ ಕೆಲಸ ಮುಗಿಸಿ ಬಂದೊಡನೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿ, ಬಾಟಲಿ ಎತ್ತಿ, ಬಾಗಿಲ ಕಡೆಗೆ ಚಿಮುಕಿಸುತ್ತಿದ್ದಳು.

"ಬಂದ್ಲು ನೋಡು ಮಹಾರಾಣಿ, ಇಡೀ ಆಸ್ಪತ್ರೇನ ಹೊತ್ಕೊಂಡು! ಥೂ, ಆ ಕೈಯಲ್ಲಿ ಏನೇನು ಮುಟ್ಟಿದ್ಯೋ. ಮೊದ್ಲು ಹಿತ್ತಲಿಗೆ ಹೋಗಿ ಮೈ ತೊಳ್ಕೊ. ನನ್ ಕುರ್ಚಿ ಮುಟ್ಬೇಡ."

ಆದ್ದರಿಂದ ಆ ವರ್ಷ ಸೆಂಟಿನ ಘಾಟು ಹೆಚ್ಚಾದಾಗ, ಅತ್ತೆಗೆ ವಯಸ್ಸಾದಂತೆ ಕೊಂಕೂ ಹೆಚ್ಚಾಯಿತೆಂದಷ್ಟೆ ಸೊಸೆ ಬಗೆದಳು. ಊರಿನವರ ಗಾಯಗಳನ್ನೆಲ್ಲ ಮೂಸುವವಳು ತನ್ನ ಮನೆಯ ಗಾಳಿಯನ್ನು ಮೂಸದೆ, ಅವಮಾನವನ್ನು ಮಾತ್ರ ಮೂಸಿ ಒಳಗೆ ನಡೆದಳು.

ಈ ಅವಮಾನಕ್ಕೆ ಅವಳಲ್ಲಿ ಒಂದು ಮದ್ದಿತ್ತು. ಅದು ಒಂದು ಕಾದಂಬರಿ.

ಯಾರೋ ರೋಗಿ ಮಂಚದ ಮೇಲೆ ಬಿಟ್ಟುಹೋದ ಹಳೆಯ ಪುಸ್ತಕ. ರಟ್ಟು ಹರಿದದ್ದು, ಬೇರೆ ಭಾಷೆಯಿಂದ ಬಂದದ್ದು. ಮಹಾಯುದ್ಧವೊಂದರಲ್ಲಿ ಲೋಕವೆಲ್ಲ ಸುಟ್ಟುಹೋದ ಮೇಲಿನ ಕಾಲದ ಕಥೆ. ಮಣ್ಣು ನಂಜಾಗಿದೆ, ಊರುಗಳು ಒಡೆದ ಗಾಜಿನಂತೆ ಚದುರಿವೆ. ಒಬ್ಬ ವೈದ್ಯೆ ಬೆನ್ನಿಗೆ ಗಡಿಗೆಯೊಂದನ್ನು ಕಟ್ಟಿಕೊಂಡು ಊರಿಂದೂರಿಗೆ ನಡೆಯುತ್ತಾಳೆ. ಗಡಿಗೆಯೊಳಗೆ ಹುಳುಗಳಿವೆ. ಕೊಳೆತ ಗಾಯದ ಮೇಲೆ ಅವುಗಳನ್ನು ಬಿಟ್ಟರೆ ಅವು ಸತ್ತ ಮಾಂಸವನ್ನಷ್ಟೆ ತಿಂದು, ಬದುಕಿರುವುದನ್ನು ಬಿಡುತ್ತವೆ. ಜನ ಅವಳನ್ನು ಕಂಡು ವಾಕರಿಸುತ್ತಾರೆ, ಗುಣವಾದ ಮೇಲೂ ವಾಕರಿಸುತ್ತಾರೆ.

ಪಟ್ಟಿಯಕ್ಕ ಅದನ್ನು ಎಷ್ಟೋ ಸಲ ಓದಿದ್ದಳು. ಹೆಂಗಸರ ವಾರ್ಡಿನಲ್ಲಿ ಮಧ್ಯಾಹ್ನ ಗಟ್ಟಿಯಾಗಿಯೂ ಓದುತ್ತಿದ್ದಳು. ಅವಳು ಮೆಚ್ಚಿದ್ದು ಹುಳುಗಳನ್ನಲ್ಲ. ಆ ಸುಟ್ಟ ಲೋಕದಲ್ಲಿ ಯಾರೂ ವೈದ್ಯೆಯನ್ನು ನೀನು ಯಾರ ಹೆಂಡತಿ ಎಂದು ಕೇಳುವುದಿಲ್ಲ. ನಿನಗೇನು ಬರುತ್ತದೆ ಎಂದು ಕೇಳುತ್ತಾರೆ. ಊರಿನ ಪಂಚಾಯಿತಿಯಲ್ಲಿ ಮೊದಲ ಮಾತು ಹೆಂಗಸರದು, ಮತ್ತು ಅದನ್ನು ಬರೆದವರು ದೊಡ್ಡ ಸಂಗತಿಯೆಂಬಂತೆ ಎತ್ತಿ ಹೇಳುವುದೂ ಇಲ್ಲ. ನೀರು ತಣ್ಣಗಿತ್ತು ಎನ್ನುವಂತೆ ಹೇಳಿ ಮುಂದೆ ಹೋಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ವೈದ್ಯೆ ಒಂದು ಭಯಂಕರ ಗಾಯವನ್ನು ತೊಳೆದ ಮೇಲೆ ಬಂಡೆಯ ಮರೆಗೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಮತ್ತೆ ರೋಗಿಯ ಬಳಿಗೆ ಬರುತ್ತಾಳೆ. ಆ ಪುಟದ ಮೂಲೆ ಮಡಚಿ ಮಡಚಿ ಮುರಿದುಹೋಗಿತ್ತು.

ಇನ್ನೊಂದು ಅಧ್ಯಾಯ ತನ್ನದೇ ಕಥೆಯೆಂದು ಅವಳು ನಂಬಿದ್ದಳು. ಗೋಡೆ ಕಟ್ಟಿಕೊಂಡ ಊರೊಂದು ವೈದ್ಯೆಯನ್ನು ಒಳಗೆ ಬಿಡುವುದಿಲ್ಲ; ಬಾಗಿಲ ಮುಂದೆ ಗಂಧದ ಕಟ್ಟಿಗೆಯನ್ನು ಉರಿಸಿ ಆ ಹೊಗೆಯನ್ನು ಅವಳ ಮುಖಕ್ಕೆ ಬೀಸುತ್ತದೆ. ವೈದ್ಯೆ ಮರಳಿ ಮರಳಿ ಬಂದು ಹೊಗೆಯುಂಡು ಹಿಂದಿರುಗುತ್ತಾಳೆ. ಕಡೆಗೊಮ್ಮೆ ಗೋಡೆ ಹತ್ತಿ ಇಳಿದು ನೋಡಿದರೆ ಒಳಗೆ ಅರ್ಧ ಊರು ಕೊಳೆಯುತ್ತ ಬಿದ್ದಿದೆ.

ಅತ್ತೆಯ ಮಗಳು, ಎಂದರೆ ಪಟ್ಟಿಯಕ್ಕನ ನಾದಿನಿ, ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದವಳು. ಅಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಓದುಗರ ಕೂಟ ಸೇರುತ್ತಿತ್ತು. ಆ ಕಾದಂಬರಿ ಹೊಸದಾಗಿ ಅಚ್ಚಾಗಿ ಬಂದಾಗ ನಾದಿನಿ ಅತ್ತಿಗೆಯ ಬೆನ್ನು ಬಿದ್ದಳು.

"ಅತ್ತಿಗೆ, ನೀವೇ ಮಾತಾಡ್ಬೇಕು. ಬೇರೆಯವ್ರು ಓದಿರೋದು ಹಿಂದಿನ ರಟ್ಟು ಮಾತ್ರ."

ಆಗ ಪಟ್ಟಿಯಕ್ಕ ಜ್ವರದಿಂದ ವಾರವಿಡೀ ರಜೆಯಲ್ಲಿದ್ದಳು, ಆದರೂ ಒಪ್ಪಿದಳು. ಭಾನುವಾರ ಗ್ರಂಥಾಲಯದ ಉದ್ದ ಮೇಜಿನ ಸುತ್ತ ಕೂತವರು ಹುಳುಗಡಿಗೆಯ ಪುಟಗಳಿಗೆ ಬಂದಾಗ ಮುಖ ಕಿವುಚಿದರು.

"ಅಮ್ಮಾ, ಈಗಷ್ಟೆ ಉಂಡು ಬಂದಿದ್ದೀನಿ. ಸಾಹಿತ್ಯ ಅಂದ್ರೆ ಮನಸ್ಸಿಗೆ ಹಿತ ಆಗ್ಬೇಕು. ಆ ಭಾಗ ಬಿಟ್ಟು ಮುಂದಕ್ಕೆ ಹೋಗೋಣ್ವೆ?" ಎಂದರು ನಿವೃತ್ತ ಮುಖ್ಯೋಪಾಧ್ಯಾಯರು.

"ಬಿಟ್ರೆ ಗಾಯ ವಾಸಿ ಆಗಲ್ಲ ಸಾರ್," ಎಂದಳು ಪಟ್ಟಿಯಕ್ಕ.

ಜನ ನಕ್ಕರು. ಅವಳು ಗಂಧದ ಹೊಗೆಯ ಅಧ್ಯಾಯವನ್ನು ಎತ್ತಿಕೊಂಡು, ದನಿ ಏರಿಸಿ ಓದಿ, ವ್ಯಾಖ್ಯಾನಕ್ಕೆ ತೊಡಗಿದಳು. "ನೋಡಿ, ಕೊಳೆ ತೊಳೆಯೋ ಹೆಂಗಸನ್ನೇ ಲೋಕ ಕೊಳೆ ಅನ್ನುತ್ತೆ. ಅವಳ ಮುಖಕ್ಕೆ ಹೊಗೆ ಹಾಕುತ್ತೆ. ಇದು ಅವಳನ್ನ ಕಂಡ್ರೆ ಆಗೋ ಅಸಹ್ಯ. ನಂಗೆ ಇದು ಚೆನ್ನಾಗ್ ಗೊತ್ತು."

ಹೊಲಿಗೆಯಂಗಡಿಯ ಹೆಂಗಸೊಬ್ಬಳು ಹೊಸ ಪ್ರತಿಯ ಪುಟವನ್ನು ಹಿಂದಕ್ಕೆ ತಿರುಗಿಸಿದಳು.

"ಅಲ್ಲಕ್ಕಾ, ನಂಗೊಂದು ಅನುಮಾನ. ಇವಳು ಮೊದಲ್ನೇ ಸಲ ಬೆಟ್ಟ ಇಳಿಯೋ ಮುಂಚೇನೇ ಆ ಊರಿಂದ ಹೊಗೆ ಏಳ್ತಾ ಇತ್ತು ಅಂತ ಇದೆಯಲ್ಲ ಇಲ್ಲಿ. ಇವಳು ಬರೋದೇ ಅವ್ರಿಗೆ ಗೊತ್ತಿರ್ಲಿಲ್ಲ. ಮತ್ತೆ ಇವಳಿಗೋಸ್ಕರ ಹೊಗೆ ಹಾಕಿದ್ರು ಅನ್ನೋದು ಹೇಗೆ? ತಮ್ಮ ನಾತ ಮುಚ್ಕೊಳ್ಳೋಕೆ ಹಾಕಿದ್ದು ಅಲ್ವಾ?"

ಪಟ್ಟಿಯಕ್ಕ ಆ ಪುಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟು ಸಲ ಓದಿಯೂ ಆ ಸಾಲಿನ ಮೇಲೆ ಅವಳ ಕಣ್ಣು ನಿಂತಿರಲಿಲ್ಲ. ವೈದ್ಯೆಗಾದ ಅವಮಾನದಲ್ಲಿ ತನ್ನದನ್ನು ಹುಡುಕುವ ಆತುರದಲ್ಲಿ ಅದನ್ನು ದಾಟಿ ಹೋಗಿದ್ದಳು. ಈಗ ಅವಳಿಗೆ ನೆನಪಾದದ್ದು ಆ ವಾರ. ವಾರವಿಡೀ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಮೈಯಲ್ಲಿ ಸಾಬೂನಿನ ವಾಸನೆಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಅತ್ತೆಯ ಕೋಣೆಯಿಂದ ಬೆಳಗಿನಿಂದ ಸಂಜೆಯವರೆಗೆ ಗುಲಾಬಿ ಸೆಂಟು ಗಪ್ಪೆಂದು ಬರುತ್ತಿತ್ತು. ಸುಡುಬಿಸಿಲಿನಲ್ಲಿಯೂ ಕಾಲುಚೀಲ. ಮಗಳು ರಾತ್ರಿ ಉಳಿಯುತ್ತೇನೆಂದರೆ, "ನನ್ ಕೋಣೇಲಿ ಬೇಡ, ನೀನು ಗೊರಕೆ ಹೊಡೀತೀಯ" ಎಂಬ ನೆಪ.

ಅವಳು ಪುಸ್ತಕ ಮುಚ್ಚಿ ಎದ್ದಳು.

"ಏನಾಯ್ತು ಅತ್ತಿಗೆ? ಬೇಜಾರಾಯ್ತಾ?" ಎಂದು ನಾದಿನಿ ಬಾಗಿಲವರೆಗೆ ಓಡಿ ಬಂದಳು.

"ನಿಮ್ಮಮ್ಮನ ಕಾಲು. ನಡಿ, ಬಾ."

ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಇಬ್ಬರನ್ನೂ ಕಂಡು ಬಾಟಲಿಗೆ ಕೈ ಹಾಕಿದಳು.

"ಕಾಲು ತೋರ್ಸಿ ಅತ್ತೆ."

"ಯಾವ ಕಾಲು?"

"ಎರಡೂ ತೋರ್ಸಿ. ನಾನೇ ಆರಿಸ್ಕೋತೀನಿ."

"ದೂರ ಇರೇ! ಆ ಕೈಯಲ್ಲಿ ನನ್ನ ಮುಟ್ಟಿದ್ರೆ ನೋಡು. ಲೋಕದವರ ಕೀವು ಬಳ್ದಿರೋ ಕೈ!"

ಪಟ್ಟಿಯಕ್ಕ ನೆಲದ ಮೇಲೆ ಕೂತು, ಬಗ್ಗಿ, ಎಡಗಾಲಿನ ಚೀಲದ ಹತ್ತಿರ ಮೂಗೊಯ್ದಳು. ಗುಲಾಬಿಯ ಕೆಳಗೆ ಆ ಸಿಹಿ ಇತ್ತು.

ಚೀಲ ಹುಣ್ಣಿಗೆ ಅಂಟಿತ್ತು. ಅಂಥದನ್ನು ಎಳೆಯಬಾರದು. ಅವಳು ಕಾಯಿಸಿ ಆರಿಸಿದ ಉಪ್ಪುನೀರನ್ನು ಬಟ್ಟೆಯಿಂದ ಹಿಂಡಿ ಹಿಂಡಿ ಬಿಟ್ಟು ಕಾದಳು. ಕಾಯುತ್ತಿರುವಾಗ ಅತ್ತೆಯ ಬೈಗುಳ ಮುಗಿಯಿತು. ಅದರ ಜಾಗದಲ್ಲಿ ಸಣ್ಣ ದನಿಯೊಂದು ಬಂದಿತು. "ಕತ್ತರಿಸ್ತಾರೇನೇ? ಅಕ್ಕಂಗೆ ಮಾಡಿದ ಹಾಗೆ ಮೊಣಕಾಲಿನ ತನಕ?"

"ನೋಡೋ ತನಕ ಸುಳ್ಳು ಹೇಳಲ್ಲ ಅತ್ತೆ."

ಚೀಲ ಕಳಚಿತು. ಪೌಡರು ಕೀವಿನಲ್ಲಿ ನೆಂದು ಬೂದುಬಣ್ಣದ ಮುದ್ದೆಯಾಗಿ ಬೆರಳುಗಳ ಸಂದಿಯಲ್ಲಿ ತುಂಬಿತ್ತು. ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಾಗಿದ್ದವು. ಹತ್ತಿಯ ಎಳೆಗಳು ಮಾಂಸದೊಳಗೆ ಬೇರಿಳಿದಂತೆ ಕೂತಿದ್ದವು. ಗುಲಾಬಿಯೂ ಕೊಳಕೂ ಒಂದಾಗಿ ಎದ್ದ ಆ ನಾತಕ್ಕೆ ನಾದಿನಿ ಹಿತ್ತಲಿನ ನಲ್ಲಿಯವರೆಗೂ ತಲುಪಲಾರದೆ ಹೊಸ್ತಿಲಲ್ಲಿಯೇ ಕಾರಿಕೊಂಡಳು. ಒಂದೇ ಸೂರಿನಡಿ ಇಷ್ಟು ಕಾಲ ಇದು ಬೆಳೆಯಿತಲ್ಲ ಎಂದು, ಅನ್ಯರ ಗಾಯದ ಮುಂದೆ ಎಂದೂ ಆಗದಷ್ಟು ಹೇಸಿಗೆ ಪಟ್ಟಿಯಕ್ಕನಿಗೂ ಆಯಿತು. ಅವಳು ಹಲ್ಲು ಕಚ್ಚಿ ಮುದ್ದೆಯನ್ನು ತೊಳೆದಳು, ಪಟ್ಟಿ ಸುತ್ತಿದಳು, ಆಟೋ ಕರೆಸಿದಳು.

ಆಸ್ಪತ್ರೆಯಲ್ಲಿ ಎರಡು ಬೆರಳು ಹೋದವು. ಪಾದ ಉಳಿಯಿತು. ಇನ್ನೊಂದು ವಾರ ಕಳೆದಿದ್ದರೆ ಉಳಿಯುತ್ತಿರಲಿಲ್ಲವೆಂದು ಶಸ್ತ್ರವೈದ್ಯರು ಹೇಳಿದರು. ಹೊಲಿಗೆಯಂಗಡಿಯವಳಿಗೆ ಈ ಸುದ್ದಿಯನ್ನು ನಾದಿನಿ ಮುಟ್ಟಿಸಿದಾಗ, ಅವಳು ನಂಬದೆ ಆ ಅಧ್ಯಾಯವನ್ನು ಇನ್ನೊಮ್ಮೆ ಓದಲು ಪುಸ್ತಕವನ್ನು ಮನೆಗೆ ಒಯ್ದಳಂತೆ.

ಇಂಥ ಕಥೆಗಳ ಕೊನೆಗೆ ಅತ್ತೆ ಸೊಸೆಯನ್ನು ತಬ್ಬಿ ಅಳಬೇಕೆಂದು ಓದುಗರು ಬಯಸುವುದುಂಟು. ಹಾಗೇನೂ ಆಗಲಿಲ್ಲ. ಮನೆಗೆ ಬಂದ ಅತ್ತೆ ತನ್ನ ಕಾಲನ್ನು ತಾನು ನೋಡಲೊಲ್ಲಳು. ಬೆಳಿಗ್ಗೆ ಸೊಸೆ ತಟ್ಟೆ ಕತ್ತರಿ ತಂದೊಡನೆ ಗೋಡೆಯ ಕಡೆಗೆ ಮುಖ ತಿರುಗಿಸಿ ಸೆರಗನ್ನು ಮೂಗಿಗೆ ಒತ್ತಿ ಹಿಡಿಯುತ್ತಾಳೆ. ಈಗ ಆಕೆಗೆ ಹೇಸಿಗೆ ಸೊಸೆಯ ಕೈಯದಲ್ಲ, ತನ್ನ ಮೈಯದು; ಅದನ್ನು ಹೊರಲು ಆಕೆಗೆ ಇನ್ನೂ ಅಭ್ಯಾಸವಿಲ್ಲ.

ಒಂದು ದಿನ, ಪಟ್ಟಿ ಅರ್ಧ ಬಿಚ್ಚಿದ್ದಾಗ, ಗೋಡೆಯನ್ನೇ ನೋಡುತ್ತ ಕೇಳಿದಳು: "ನಿಂಗೆ ಹೇಸಿಗೆ ಆಗಲ್ವೇನೇ?"

"ಆಗುತ್ತೆ ಅತ್ತೆ. ದಿನಾ ಆಗುತ್ತೆ."

ಅತ್ತೆ ಕಾಲನ್ನು ಸೊಸೆಯ ತೊಡೆಯ ಮೇಲೆ ಇನ್ನಷ್ಟು ಮುಂದಕ್ಕೆ ಚಾಚಿದಳು.

"ಹಾಗಾದ್ರೆ ಬೇಗ ಮುಗಿಸು, ಮಾರಾಯ್ತಿ."