ವಿಭೂತಿ ಹಚ್ಚದ ಗಾಡಿ

ದುಮ್ಮವಾಡದ ನನ್ನ ಅಕ್ಕನ ಮನೆಯಲ್ಲಿ ಬೆಳಗು ಆರಂಭವಾಗುತ್ತಿದ್ದುದು ಗಾಡಿಯ ಪೂಜೆಯಿಂದ. ಕಳೆ ತೆಗೆಯುವ ಹೆಣ್ಣಾಳುಗಳನ್ನು ಭಾವ ತಮ್ಮ ಟೆಂಪೊದಲ್ಲಿ ದೂರದ ಹೊಲಗಳಿಗೆ ಕರೆದೊಯ್ಯುತ್ತಿದ್ದರು. ಅಕ್ಕ ಗಾಡಿಯ ಮೂತಿಗೆ ಮೂರೆಳೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುವವರೆಗೆ ಒಬ್ಬ ಹೆಂಗಸೂ ಹತ್ತುತ್ತಿರಲಿಲ್ಲ.

ಭಾವ ಕುಡಿಯುತ್ತಿದ್ದರು. ಕೆಲವು ದಿನ ರಾತ್ರಿಯ ಅಮಲು ಇಳಿಯುವ ಮೊದಲೇ ಸ್ಟೀರಿಂಗ್ ಹಿಡಿಯುತ್ತಿದ್ದರು. ಬೆಲ್ಲ, ಬೇಳೆಯ ಜೊತೆಗೆ ಮದ್ಯದ ಪಾಕೀಟು ಮಾರುತ್ತಿದ್ದ ಕಿರಾಣಿ ಅಂಗಡಿಯವನದು ತಪ್ಪು. ಸರಕಿನ ಗಾಡಿಯಲ್ಲಿ ಹೆಂಗಸರನ್ನು ತುಂಬುವುದನ್ನು ಕಂಡೂ ಕಾಣದಂತಿದ್ದ ಅಧಿಕಾರಿಗಳದು ತಪ್ಪು. ದುಡಿದು ದಣಿದ ಗಂಡಸು ಕುಡಿದರೇನು ಎಂದ ಹಿರಿಯರದೂ ತಪ್ಪು. ಆದರೆ ಕುಡಿದು ಕೀಲಿ ತಿರುಗಿಸಿದ್ದು ಭಾವನದೇ ತಪ್ಪು. ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು.

ಬಮ್ಮಿಗಟ್ಟಿಯ ದಾರಿಯಲ್ಲಿ ಗಾಡಿ ತಗ್ಗಿಗಿಳಿದು ಒಬ್ಬಾಕೆಯ ಕೈ ಮುರಿಯಿತು. ಎಮ್ಮೆ ಅಡ್ಡ ಬಂತೆಂದರು ಭಾವ. ಊರು ನಂಬಿತು, ಅಕ್ಕ ನಂಬಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ, ನಾನು ಅಲ್ಲಿದ್ದ ಒಂದು ಮುಂಜಾನೆ, ತಟ್ಟೆ ಹಿಡಿದು ಹೊರಬಂದ ಅಕ್ಕ ಭಾವನ ಮುಖದ ಸಮೀಪ ಒಂದು ಕ್ಷಣ ನಿಂತಳು. ಬಳಿಕ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

“ಹಚ್ಚು, ಹೊತ್ತಾತು,” ಎಂದರು ಭಾವ.

“ಇವತ್ತ ಹಚ್ಚಂಗಿಲ್ರಿ.”

ಹತ್ತಲು ಸಿದ್ಧಳಾಗಿದ್ದ ಮುದುಕಿಯೊಬ್ಬಳು ಕೇಳಿದಳು: “ಯಾಕ ಬೇ, ಹೊರಗಾಗಿಯೇನ?”

“ನಂದೇನಿಲ್ಲ ಯವ್ವಾ. ಅವ್ರು ಕುಡದಾರ.”

ಬಾಗಿಲಲ್ಲಿದ್ದ ಅತ್ತೆ ಸಿಡಿದರು: “ಓಣಿ ಮುಂದ ಗಂಡನ ಮಾನ ಕಳದೆಲ್ಲ.”

“ಮಾನ ಉಳಸಾಕ ಇವ್ರೆಲ್ಲ ಕೈಕಾಲ ಮುರಕೋಬೇಕೇನ್ರಿ ಅತ್ತಿ?”

ಮುದುಕಿ ಸೀರೆಯ ನೆರಿಗೆ ಸಿಕ್ಕಿಸಿಕೊಂಡಳು. “ನಡೀರಿ, ನಡಕೊಂತ ಹೋಗೂಣು. ಹೊಲದ ಗೌಡ ಬೈದ್ರ ಬೈಲಿ, ಅವನ ಬಾಯೇನು ತಗ್ಗಿಗೆ ಕೆಡವೂದಿಲ್ಲ.”

ಹೆಂಗಸರು ನಗುತ್ತ ಹೊರಟರು. ಭಾವ ಖಾಲಿ ಗಾಡಿಯಲ್ಲಿ ಕುಳಿತು ಹಾರ್ನ್ ಒತ್ತಿದರು, ಯಾರೂ ತಿರುಗಲಿಲ್ಲ. ಅಕ್ಕ ಕಿಟಕಿಯೊಳಗೆ ಕೈ ಹಾಕಿ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು.

ಗಂಡನ ದೋಷ ಮುಚ್ಚುವುದೇ ಹೆಂಡತಿಯ ಧರ್ಮವೆಂದು ಕಲಿಸಿದ ಮನೆಯ ಅಂಗಳದಲ್ಲಿ ನಿಂತು ಅಕ್ಕ ಆಡಿದ ಮಾತು, ‘ಅವ್ರು ಕುಡದಾರ’. ಮದ್ಯದ ವಿರುದ್ಧದ ಅನೇಕ ಸಭೆಗಳಲ್ಲಿ ಮಾತನಾಡಿದ್ದೇನೆ. ಅದಕ್ಕಿಂತ ನೇರವಾದ ಮಾತು ಕೇಳಿಲ್ಲ. ಅದರ ಬೆಲೆಯನ್ನೂ ಕಂಡೆ. ಅತ್ತೆ ಅವಳ ಕೈಯ ನೀರು ಮುಟ್ಟಲಿಲ್ಲ, ಭಾವ ಮಾತು ಬಿಟ್ಟರು. ರೊಟ್ಟಿ ಬಡಿಯುವಾಗ ಅಕ್ಕನ ಕಣ್ಣುಗಳು ಊದಿಕೊಂಡಿರುತ್ತಿದ್ದವು. “ಮೊದಲ ಕುಡಿಯೂದ ಬಿಡಸೂ ದವಾಖಾನಿ, ಆಮ್ಯಾಲೆ ಕೀಲಿ,” ಎಂಬುದನ್ನು ಮಾತ್ರ ಅವಳು ಬದಲಿಸಲಿಲ್ಲ.

ಕೊನೆಗೊಂದು ಬೆಳಿಗ್ಗೆ ಭಾವ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದರು.

“ಹುಬ್ಬಳ್ಳಿಗೆ ಹೋಗೂಣು, ತೋರಸ್ತೇನಿ. ಕೀಲಿ ಕೊಡು, ಗಾಡಿ ತಗೀತೇನಿ.”

“ಬಸ್ಸಿಗೆ ಹೋಗೂಣ್ರಿ,” ಎಂದಳು ಅಕ್ಕ.

ಭಾವ ಚಪ್ಪಲಿ ಮೆಟ್ಟಿದರು.