ರಫು ಮಾಡಿದ ಮೂಲೆ, ಮಾತು ಬಿಟ್ಟ ಮಮ್ಮಿ

ಕಳೆದ ಶನಿವಾರ ನಾನು ಪೋಸ್ಟ್‌ಮ್ಯಾನ್ ಆಗಿದ್ದೆ. ಟೆಕ್ಸಾಸ್‌ನ ಟೇಲರ್ ಅನ್ನುವ ಊರಿನಿಂದ ಹ್ಯೂಸ್ಟನ್‌ವರೆಗೂ ಡ್ಯೂಟಿ. ಕಾರಿನ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಟವಾಡೆ.

ಡ್ರೈವ್ ಮಾಡ್ತಿದ್ದವನು ರೋಷನ್. ಟೇಲರ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯಲ್ಲಿ ನನ್ನ ಸಹೋದ್ಯೋಗಿ. ಹಿಂದೆ ಕೂತವರು ಅವನ ತಾಯಿ ಸ್ಟೆಲ್ಲಾ ಆಂಟಿ. ಉಡುಪಿಯಲ್ಲಿ ಮೂವತ್ತು ವರ್ಷ ಟೈಲರಿಂಗ್ ಕ್ಲಾಸ್ ನಡೆಸಿದವರು. ನಾಲ್ಕು ದಿನದಿಂದ ತಾಯಿ-ಮಗನಿಗೆ ಮಾತಿಲ್ಲ. ಗುರುವಾರ ಆಂಟಿ ಊರಿಗೆ ವಾಪಸ್.

ಕಾರಣ? ಒಂದು ಬಟ್ಟೆ.

ಇಟಲಿಯ ಟ್ಯುರಿನ್‌ನಲ್ಲಿ ಹಳೇ ಲಿನನ್ ಬಟ್ಟೆಯೊಂದಿದೆ. ಅದರ ಮೇಲೆ ಮೈತುಂಬ ಗಾಯವಾದ ಗಂಡಸೊಬ್ಬನ ಮಸುಕಾದ ಅಚ್ಚು. ಯೇಸುವನ್ನು ಸಮಾಧಿ ಮಾಡುವಾಗ ಸುತ್ತಿದ್ದು ಇದೇ ಅಂತ ನಂಬಿಕೆ. ಲ್ಯಾಬಿನವರು ಮೂಲೆಯಿಂದ ಚೂರು ಕತ್ತರಿಸಿ, ಕಾರ್ಬನ್ ಡೇಟಿಂಗ್ ಮಾಡಿ, ಇದು ಯೇಸುವಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಆಮೇಲಿನದು ಅಂದರು. ನಂಬಿದವರು ಬಿಡ್ತಾರಾ? ಆ ಮೂಲೆ ಹರಿದಿತ್ತು, ಯಾರೋ ಗೊತ್ತಾಗದ ಹಾಗೆ ಹೊಸ ನೂಲು ತುಂಬಿ ರಫು ಮಾಡಿದ್ದಾರೆ, ನೀವು ಕಂಡುಹಿಡಿದ ವಯಸ್ಸು ಆ ನೂಲಿನದು ಅಂದರು ಕೆಲವರು. ವಾದ ಇನ್ನೂ ಮುಗಿದಿಲ್ಲ.

ನೀರುದೋಸೆ ಹುಯ್ಯುತ್ತಾ ಆಂಟಿ ಈ ರಫಿನ ವಾದವನ್ನೇ ಹೇಳಿದರಂತೆ. ರೋಷನ್ ಫೋನಿನಿಂದ ತಲೆ ಎತ್ತದೆ, "ಮಮ್ಮಿ, ನಿಂಗೆ ಸೈನ್ಸ್ ಗೊತ್ತಿಲ್ಲ" ಅಂದನಂತೆ. ಅಲ್ಲಿಗೆ ಮಾತೂ ನಿಂತಿತು, ದೋಸೆಯೂ ನಿಂತಿತು. (ನನಗೆ ಹೆಚ್ಚು ಬೇಜಾರಾದದ್ದು ಯಾವುದಕ್ಕೆ ಅಂತ ದಯವಿಟ್ಟು ಕೇಳಬೇಡಿ.)

ಹ್ಯೂಸ್ಟನ್‌ನ ಇಗರ್ಜಿಯೊಂದರಲ್ಲಿ ಆ ಬಟ್ಟೆಯ ತದ್ರೂಪು ಇಟ್ಟಿದ್ದಾರೆ ಅಂತ ಗೊತ್ತಾಯಿತು. ಹೊರಟೆವು.

"ಎಸಿ ಕಮ್ಮಿ ಮಾಡ್ಲಿಕ್ಕೆ ಹೇಳು ಮಾರಾಯ ಅವನಿಗೆ," ಅಂದರು ಆಂಟಿ. ನಾನು ಆಂಟಿಯ ದನಿಯಲ್ಲೇ ಹೇಳಿದೆ.

"ಸ್ವೆಟರ್ ಯಾಕೆ ತರ್ಲಿಲ್ಲ ಕೇಳು," ಅಂದ ರೋಷನ್. ಅವನ ಮೂಗಿನ ದನಿಯಲ್ಲೇ ಕೇಳಿದೆ.

ಇಬ್ಬರೂ ನಗಲಿಲ್ಲ. ಡಲ್ಲಾಸ್‌ನ ಯುಗಾದಿ ಸ್ಟೇಜಿನ ಮೇಲೆ ಮಿಮಿಕ್ರಿ ಮಾಡುತ್ತಾ ಕನ್ನಡ ಸಂಘದ ಅಧ್ಯಕ್ಷರನ್ನೇ ಅಣಕಿಸಿದಾಗಲೂ ಇಂಥ ಮೌನ ನಾನು ಕೇಳಿರಲಿಲ್ಲ.

ಇಗರ್ಜಿಯ ಹಾಲ್‌ನಲ್ಲಿ ಉದ್ದಕ್ಕೂ ಬಟ್ಟೆ. ಪಕ್ಕದಲ್ಲಿ ವಿವರಿಸಲು ಒಬ್ಬ ಟೆಕ್ಸಾಸ್ ಅಜ್ಜ. ಆಂಟಿ ಶಿಲುಬೆ ಗುರುತು ಮಾಡಿಕೊಂಡರು. ಆಮೇಲೆ ಕನ್ನಡಕ ಬದಲಿಸಿದರು. ಭಕ್ತೆ ಹೋದರು, ಟೀಚರ್ ಬಂದರು.

ಅಜ್ಜ ರಫಿನ ವಾದವನ್ನು ಖುಷಿಯಿಂದ ಹೇಳಿದರು. ನಾನು ಅವರ ಎಳೆದೆಳೆದ ದನಿಯಲ್ಲೇ ಕನ್ನಡಕ್ಕೆ ಇಳಿಸಿದೆ: "ಅಷ್ಟು ಚೆನ್ನಾಗಿ ಸೇರಿಸಿದ್ದಾರಮ್ಮಾ, ಕಣ್ಣಿಗೇ ಕಾಣಲ್ಲ!"

"ಮೇಲಿಂದ ಕಾಣುದಿಲ್ಲ, ಸರಿ. ತಿರುಗಿಸಿ ನೋಡಿದವರು ಉಂಟಾ ಕೇಳು. ಎಷ್ಟೇ ಜಾಣೆ ರಫು ಮಾಡಿರ್ಲಿ, ಅಡಿಯಲ್ಲಿ ಸಿಕ್ಕಿ ಬೀಳ್ತಾಳೆ."

ಅಜ್ಜ ಪ್ರಾಮಾಣಿಕರು. ಹಿಂಬದಿಯನ್ನೂ ನೋಡಿದ ಜವಳಿ ತಜ್ಞೆಯೊಬ್ಬರಿಗೆ ರಫು ಕಾಣಲಿಲ್ಲವಂತೆ. ನೂಲನ್ನು ಕೆಮಿಕಲ್ ಟೆಸ್ಟ್ ಮಾಡಿದವರು ಅದನ್ನು ಒಪ್ಪಲಿಲ್ಲವಂತೆ.

ಆಂಟಿ ಕನ್ನಡಕ ತೆಗೆದರು. "ಬಟ್ಟೆಯವಳ ಮಾತು ನಂಗೆ ಸಾಕು. ರಫು ಅಲ್ಲ ಅದು."

ಹಿಟ್ ವಿಕೆಟ್! ತಮ್ಮ ವಾದವನ್ನು ತಾವೇ ಉರುಳಿಸಿಬಿಟ್ಟರಲ್ಲ!

ನಾಲ್ಕು ದಿನದಲ್ಲಿ ಮೊದಲ ಸಲ ರೋಷನ್ ನೇರವಾಗಿ ತಾಯಿಯ ಮುಖ ನೋಡಿದ. "ಆದ್ರೂ ಮಮ್ಮಿ, ತೆಗೆದದ್ದು ಒಂದೇ ಮೂಲೆಯಿಂದ ಅಲ್ವಾ? ನಮ್ಮಲ್ಲಿ ವೇಫರಿನ ಒಂದೇ ಮೂಲೆ ಟೆಸ್ಟ್ ಮಾಡಿ ಪಾಸ್ ಅಂದ್ರೆ ಮ್ಯಾನೇಜರ್ ಬಿಡ್ತಾನಾ?" (ವೇಫರ್ ಅಂದರೆ ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆ. ತಿನ್ನೋದಲ್ಲ.)

"ಈಗ ನೀನು ನನ್ನ ಪಾರ್ಟಿಯಾ?"

"ನೀನೇ ಫೇಕ್ ಅಂತ ಒಪ್ಪಿಕೊಂಡಿಯಲ್ಲ!"

"ರಫು ಅಲ್ಲ ಅಂದೆ. ಫೇಕ್ ಅಂದೆನಾ? ಆ ಅಚ್ಚು ಹೇಗೆ ಮೂಡಿತು, ಹೇಳು ನೋಡುವ."

ರೋಷನ್ ನನ್ನ ಮುಖ ನೋಡಿದ. ನಾನು ಅಜ್ಜನಿಗೆ ಇಂಗ್ಲಿಷಿನಲ್ಲಿ ದಾಟಿಸಿದೆ. ಎಲ್ಲರೂ ಒಪ್ಪುವ ಉತ್ತರ ಯಾರ ಹತ್ತಿರವೂ ಇಲ್ಲ ಅಂದರು ಅಜ್ಜ.

"ಗೊತ್ತಿಲ್ಲ ಮಮ್ಮಿ," ಅಂದ ರೋಷನ್, ಮೆಲ್ಲಗೆ.

"ಹಾಂ. ಮೊನ್ನೆಯೇ ಹಾಗೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ವಾಪಸ್ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ತಮ್ಮ ಮನೆಮಾತು ಕೊಂಕಣಿಯಲ್ಲಿ ಜಗಳ ಆಡಿದರು, ನಡುನಡುವೆ ನಕ್ಕರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಪೋಸ್ಟ್‌ಮ್ಯಾನ್ ಕೆಲಸವೂ ಹೋಯಿತು.

ಕೂತು ಯೋಚಿಸಿದೆ: "ಗೊತ್ತಿಲ್ಲ" ಅನ್ನುವ ಮಾತನ್ನು ನಾವೆಲ್ಲ ಯಾಕೆ ಯಾವಾಗಲೂ "ನಿಂಗೆ" ಅಂತಲೇ ಶುರು ಮಾಡ್ತೀವಿ?