ಗೋಡೆ ನುಂಗಿದ ಗೂಟ

ಗೆಳೆಯರೇ, ಇವತ್ತು ನಮ್ಮ ಅಡುಗೆಮನೆ ಗೋಡೆ ಒಂದು ಮರದ ಗೂಟವನ್ನು ಇಡಿಯಾಗಿ ನುಂಗಿತು. ವಿನೋಬನಗರದ ನಮ್ಮ ಹೊಸ ಮನೆಯದು ಹಾಲೋ ಬ್ಲಾಕ್ ಗೋಡೆ, ಒಳಗೆಲ್ಲ ಪೊಳ್ಳು. ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವಷ್ಟರಲ್ಲಿ ಸ್ಟೀಲಿನ ತಟ್ಟೆ ಸ್ಟ್ಯಾಂಡು ಗೋಡೆಯ ಮೇಲಿರಬೇಕು ಎಂದು ಹೆಂಡತಿಯ ಆಜ್ಞೆಯಾಗಿತ್ತು.

ಭದ್ರಾವತಿಯ ಜನ್ನಾಪುರದಿಂದ ಅವಳ ಅಣ್ಣ ಬಂದಿದ್ದರು. ಅಲ್ಲಿನ ಫ್ಯಾಕ್ಟರಿ ಕ್ವಾರ್ಟರ್ಸಿನ ದಪ್ಪ ಇಟ್ಟಿಗೆ ಗೋಡೆಗೆ ಗೂಟ ಹೊಡೆದು ಪಳಗಿದ ಕೈ ಅವರದು.

"ಸ್ಕ್ರೂ ಕೂರಿಸೋಕೆ ಈ ಪ್ಲಾಸ್ಟಿಕ್ ಗಿಟ್ಟಿ ಯಾಕೆ ಮಾರಾಯ್ರೇ? ಸಾಗುವಾನಿ ಗೂಟ ಹೊಡೆದ್ರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದರು. ನಾನೂ ತಲೆಯಾಡಿಸಿದೆ. ಭಾವ ತೂತು ಕೊರೆದು ಹೊಡೆದರೆ, ಎರಡನೇ ಏಟಿಗೆ ಗೂಟ ಮಾಯ. ಗೋಡೆಯೊಳಗೆ ಟಕಟಕ ಅಂತ ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿಸಿತು.

"ಮೊಮ್ಮಕ್ಕಳಿಗೆ ಭದ್ರವಾಗೇ ಇಟ್ಟೆ ಬಿಡಣ್ಣ" ಅಂದಳು ನನ್ನ ಹೆಂಡತಿ.

ಆಮೇಲೆ ಸೌಟು ತಂದು, ಅಂಗಡಿಯಲ್ಲಿ ತೆಂಗಿನಕಾಯಿ ಬಡಿದು ಆರಿಸುವ ಹಾಗೆ ಗೋಡೆಯನ್ನೇ ಬಡಿಯುತ್ತಾ ಹೋದಳು.

"ಇಲ್ಲಿ ಪೊಳ್ಳು. ಇಲ್ಲೂ ಪೊಳ್ಳು. ಹಾಂ, ಇಲ್ಲಿ ಗಟ್ಟಿ ಇದೆ. ಕೊರೀರಿ."

ಅವಳು ತೋರಿಸಿದ ಕಡೆಯೇ ಕೊರೆದು, ಗಿಟ್ಟಿ ತುರುಕಿ, ಸ್ಕ್ರೂ ಬಿಗಿದೆ. ತಟ್ಟೆ, ಲೋಟ ಎಲ್ಲ ತುಂಬಿದ ಮೇಲೆ ಭಾವ ಜಗ್ಗಿ ನೋಡಿದರು. ಸ್ಟ್ಯಾಂಡು ಮಿಸುಕಲಿಲ್ಲ.

"ನಮ್ಮ ವಂಶದ ಕೈ" ಎಂದು ಭಾವ ತಂಗಿಯನ್ನು ತೋರಿಸಿ ಮೀಸೆ ತಿರುವಿದರು. ನನಗೂ ಎದೆ ಉಬ್ಬಿತ್ತು. ಸಂಜೆ ಬಂದವರಿಗೆಲ್ಲ ಕುಂಕುಮಕ್ಕಿಂತ ಮೊದಲು ಸ್ಟ್ಯಾಂಡು ತೋರಿಸಿದೆ.

ಮಕ್ಕಳಿಗೆ ಹೆಣ್ಣು ನೋಡಲು ಹೋಗುವವರು ಇನ್ನು ಮೇಲೆ ಹಾಡು ಬರುತ್ತಾ ಅಂತ ಕೇಳಬೇಡಿ. ಕೈಗೊಂದು ಸೌಟು ಕೊಟ್ಟು ಗೋಡೆ ತೋರಿಸಿ.